ಕೊನೆಯ ಬೋರ್

ರಿಂಗ್ ರೋಡಿನಲ್ಲಿ ನಲವತ್ತು ದಾಟದೆ ಕಾರು ಓಡಿಸುವ ಹೆಂಗಸಿನ ಬೆನ್ನಿಗೆ ಮೈಸೂರಿನ ಗಂಡಸರು ಎಷ್ಟು ಬಗೆಯಲ್ಲಿ ಹಾರ್ನ್ ಬಾರಿಸಬಲ್ಲರು ಎಂಬುದು ಈ ಎರಡು ವಾರದಲ್ಲಿ ಬಿಂದುಶ್ರೀಗೆ ಚೆನ್ನಾಗಿ ತಿಳಿದುಹೋಗಿತ್ತು. ಗಂಟಲು ಸರಿಪಡಿಸಿಕೊಂಡ ಹಾಗೆ ಒಮ್ಮೆ ಬಾರಿಸುವವರು ಕೆಲವರು. ಒತ್ತಿದ ಕೈ ತೆಗೆಯದೆ ಬರುವ ಕಾಲೇಜು ಬಸ್ಸಿನವರು ಬೇರೆ. ಹಾಲಿನ ಟೆಂಪೊದವನೊಬ್ಬ ಪಕ್ಕಕ್ಕೆ ಬಂದು, ಬಗ್ಗಿ, ಅವಳ ಮುಖ ನೋಡಿ, "ಅದಕ್ಕೇ" ಎಂದು ಒಂದೇ ಮಾತು ಹೇಳಿ ಮುಂದೆ ಹೋಗಿದ್ದ. ಬೈಕಿನ ಇಬ್ಬರು ಹುಡುಗರು, "ಆಂಟಿ, ತಳ್ಳಬೇಕಾ?" ಎಂದು ಕೇಳಿದ್ದರು. ಬೋಗಾದಿ ಜಂಕ್ಷನ್ ದಾಟಿದ ಮೇಲೆ ಕಾರಿನವನೊಬ್ಬ ಇವಳ ಮುಂದಕ್ಕೆ ನುಗ್ಗಿದ. ಕಿಟಕಿಯಿಂದ ತಲೆ ಹೊರಹಾಕಿ ಗುಟ್ಕಾ ಉಗಿದ. ಅದು ಗಾಳಿಗೆ ಹಿಂದಕ್ಕೆ ಬಂದು ಅವಳ ಗಾಜಿಗೆ ಬಡಿಯಿತು. ವೈಪರ್ ಹಾಕಿದರೆ ಕೆಂಪು ಬಣ್ಣ ಗಾಜಿನ ತುಂಬ ಹರಡಿತು. ಆ ಕೆಂಪಿನ ಮೂಲಕ ರಸ್ತೆ ನೋಡುತ್ತ, ಬಾಯಲ್ಲಿ ಊರಿದ ನೀರನ್ನು ನುಂಗಲಾರದೆ, ಅವಳು ನಲವತ್ತರಲ್ಲೇ ಮನೆ ತಲುಪಿದ್ದಳು.

ನಲವತ್ತು ದಾಟುವ ಹಾಗಿರಲಿಲ್ಲ. ಎಂಜಿನ್ ಹೊಸದಾಗಿ ಬೋರ್ ಆಗಿತ್ತು, ಸವೆದ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿದ್ದರು.

ಕಾರು ಹಳೆಯ ಫಿಯಟ್. ಚಾಮರಾಜಪುರಂನ ಲಾಯರ್ ಸದಾಶಿವಯ್ಯನವರ ಕಾಂಪೌಂಡಿನಲ್ಲಿ, ಹೊಂಗೆ ಮರದ ಕೆಳಗೆ, ಕಾಗೆಗಳು ಅದಕ್ಕೆ ಬಿಳಿ ಬಣ್ಣ ಬಳಿಯುತ್ತಿದ್ದ ಕಾಲದಿಂದ ಬಿಂದುಶ್ರೀ ಅದನ್ನು ನೋಡುತ್ತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು. ಸದಾಶಿವಯ್ಯನವರು ಇಲಿಗಳ ಸಮೇತ ಕೊಟ್ಟರು. ರಾಜೀವನಗರದಲ್ಲಿ ಗ್ಯಾರೇಜು ಇಟ್ಟಿದ್ದ ಷಡಕ್ಷರಿ ಎಂಬ ಮೆಕ್ಯಾನಿಕ್ಕು ಎಂಜಿನ್ ಇಳಿಸಿ, ಬಿಚ್ಚಿ, ತಿಂಗಳುಗಟ್ಟಲೆ ಬಿಚ್ಚಿಟ್ಟೇ ಇದ್ದ. ನಾಳೆ ಎಂದರೆ ಮುಂದಿನ ವಾರ, ಮುಂದಿನ ವಾರ ಎಂದರೆ ಹಬ್ಬ ಆದಮೇಲೆ ಎಂದು ಅರ್ಥಮಾಡಿಕೊಳ್ಳುವುದನ್ನು ಬಿಂದುಶ್ರೀ ಕಲಿತಳು. ಭಾನುವಾರಗಳಲ್ಲಿ ತಾನೇ ಹೋಗಿ ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆದಳು. ಆ ವಾಸನೆ ಅವಳಿಗೆ ಹಿಡಿಸಿತ್ತು. ಕೂದಲಿನಲ್ಲಿ ಎರಡು ದಿನ ಉಳಿಯುತ್ತಿತ್ತು.

ಕಾರು ಕೊಡುವ ದಿನ ಷಡಕ್ಷರಿ ಬಾಯಲ್ಲಿದ್ದುದನ್ನು ಚರಂಡಿಗೆ ಉಗಿದು, ಮುಂಗೈಯಲ್ಲಿ ಬಾಯಿ ಒರೆಸಿಕೊಂಡು ಹೇಳಿದ್ದ: "ಮೇಡಂ, ಇದಕ್ಕೆ ಇದೇ ಕೊನೆ ಬೋರ್. ಇನ್ನೊಂದ್ಸಲ ಕೊರೆಯೋಕೆ ಎಂಜಿನ್ ಬ್ಲಾಕಲ್ಲಿ ಜಾಗ ಇಲ್ಲ. ಬೇರೆ ಬ್ಲಾಕ್ ಹುಡ್ಕೋದು ಅಂದ್ರೆ ಮರ್ತುಬುಡಿ. ಸಾವಿರ ಕಿಲೋಮೀಟರ್ ಹುಷಾರಾಗಿ ಓಡ್ಸಿ. ನಲವತ್ತು ದಾಟ್ಸಬೇಡಿ, ಜನ ತುಂಬ್ಸಬೇಡಿ, ಏರು ಹತ್ತಿಸ್ಬೇಡಿ. ಆಮೇಲೆ ನಿಮ್ ಇಷ್ಟ."

ಹೊಸದಾಗಿ ಕೊರೆದ ಸಿಲಿಂಡರಿನ ಗೋಡೆ ಒರಟಾಗಿರುತ್ತದೆ. ಪಿಸ್ಟನ್ನಿನ ಸುತ್ತಲಿನ ಹೊಸ ರಿಂಗುಗಳು ಆ ಗೋಡೆಗೆ ಉಜ್ಜಿ ಉಜ್ಜಿ, ಒಂದನ್ನೊಂದು ನುಣುಪು ಮಾಡಿಕೊಂಡು, ನಿಧಾನವಾಗಿ ಕೂರಬೇಕು. ಕೂತರೆ ಎಂಜಿನ್ ಬಹಳ ಕಾಲ ಬಾಳುತ್ತದೆ. ಕೂರುವ ಮೊದಲೇ ಬಿಸಿಯಾಗಿ ಗೋಡೆ ಕೆರೆದುಹೋದರೆ ಅದು ಜನ್ಮವಿಡೀ ಎಣ್ಣೆ ಕುಡಿಯುತ್ತ, ಹೊಗೆ ಕಾರುತ್ತ ಇರುತ್ತದೆ. ಸರಸ್ವತಿಪುರಂನ ಟ್ಯುಟೋರಿಯಲ್ಲಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಿದ್ದ ಬಿಂದುಶ್ರೀಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಎಂಎಸ್ಸಿ ಅರ್ಧಕ್ಕೆ ನಿಂತಿತ್ತು. ವೀಣೆ ಅರ್ಧಕ್ಕೆ ನಿಂತಿತ್ತು. ನಿಶ್ಚಿತಾರ್ಥವಾಗಿದ್ದ ಮದುವೆಯನ್ನೂ ಅವಳೇ ಬೇಡವೆಂದಿದ್ದಳು. "ನಮ್ ಬಿಂದು ಶುರು ಮಾಡೋದ್ರಲ್ಲಿ ಎತ್ತಿದ ಕೈ" ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ತಮಾಷೆ. ಈ ಒಂದನ್ನು, ಇದೊಂದನ್ನು ಮಾತ್ರ, ಹೇಗೆ ಆಗಬೇಕೋ ಹಾಗೆ ಕೊನೆತನಕ ಮಾಡಿಬಿಡಬೇಕು ಎಂದು ಅವಳು ಯಾರಿಗೂ ಹೇಳದೆ ನಿರ್ಧರಿಸಿಕೊಂಡಿದ್ದಳು. ಸಾವಿರ ಕಿಲೋಮೀಟರ್ ಏನು ಮಹಾ.

ಅಡ್ಡ ಬಂದದ್ದು ಅಮ್ಮ. ಲಕ್ಷ್ಮಮ್ಮ ಕಾರಿನ ಬಾಗಿಲು ಮುಟ್ಟಲೂ ಒಪ್ಪಲಿಲ್ಲ.

"ಬೆಟ್ಟಕ್ಕೆ ಹೋಗ್ದೆ, ಪೂಜೆ ಮಾಡಿಸ್ದೆ ಊರೆಲ್ಲ ಸುತ್ತಾಡ್ತಿದೀಯಲ್ಲ, ಏನಾದ್ರೂ ಆದ್ರೆ?"

"ಹಳೇ ಕಾರಮ್ಮ ಇದು."

"ಎಂಜಿನ್ ಹೊಸದು ಅಂತ ನೀನೇ ತಾನೇ ಹೇಳಿದ್ದು? ಅಂದ್ಮೇಲೆ ಗಾಡಿ ಹೊಸದೇ. ತಾಯಿಗೆ ತೋರಿಸ್ಕೊಂಡು ಬರಬೇಕು."

ಬಿಂದುಶ್ರೀ ಮಧ್ಯದ ದಾರಿ ಹುಡುಕಿದಳು. ಬೆಳಿಗ್ಗೆ ಬಿಸಿಲೇರುವ ಮೊದಲು, ಒಬ್ಬಳೇ, ಎರಡನೇ ಗೇರಿನಲ್ಲಿ, ತಿರುವಿಗೊಮ್ಮೆ ನಿಲ್ಲಿಸಿ ಆರಿಸುತ್ತ ಹತ್ತಿ ಪೂಜೆ ಮಾಡಿಸಿಕೊಂಡು ಬರುವುದು. ಲಕ್ಷ್ಮಮ್ಮನಿಗೆ ಇದು ನಗೆಪಾಟಲಾಗಿ ಕಂಡಿತು. ಬರಿಗೈಯಲ್ಲಿ ಹೋಗುವುದೇ ತಪ್ಪು, ಬರಿಗಾಡಿಯಲ್ಲಿ ಹೋಗುವುದು ಇನ್ನೂ ತಪ್ಪು ಎಂಬುದು ಅವರ ಶಾಸ್ತ್ರ. "ಮನೆಯೋರು ತುಂಬ್ಕೊಂಡು ಹೋಗಬೇಕು ಕಣೆ. ಖಾಲಿ ಗಾಡಿ ತೋರಿಸಿದ್ರೆ ಖಾಲೀನೇ ಓಡಾಡು ಅಂತಾಳೆ ತಾಯಿ." ಆ ಮಾತಿನಲ್ಲಿ ಕಾರಿನ ಜೊತೆಗೆ ಮಗಳ ಮದುವೆಯೂ ಇತ್ತು. ಬಿಂದುಶ್ರೀಗೆ ಅದು ಕೇಳಿಸಿತು, ಕೇಳಿಸದವಳ ಹಾಗೆ ಇದ್ದಳು. ಒಪ್ಪಿಕೊಂಡಳು. ಬೇಡ ಎಂದು ಹೇಳುವ ಶಕ್ತಿಯನ್ನೆಲ್ಲ ಆ ಮದುವೆಯ ಸಲ ಖರ್ಚು ಮಾಡಿಬಿಟ್ಟಿದ್ದಳು. ಮೂವತ್ತು ದಾಟಿಯೂ ಅಮ್ಮನ ಎದುರು ಮಾತು ನಾಲಿಗೆಗೆ ಬಾರದ ತನ್ನ ಮೇಲೆ ಅವಳಿಗೆ ಆಗಲೇ ಸಣ್ಣಗೆ ಹೇಸಿಗೆ ಶುರುವಾಗಿತ್ತು.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಯಾರೂ ಹೊರಡಲಿಲ್ಲ. ಅಕ್ಕ ಕೀರ್ತಿ ಮತ್ತು ಭಾವ ಮೋಹನ್ ತಮ್ಮ ದೊಡ್ಡ ಬಿಳಿ ಗಾಡಿಯಲ್ಲಿ ಬಂದು, ಅದನ್ನು ಗೇಟಿಗೆ ಅಡ್ಡ ನಿಲ್ಲಿಸಿ, ತಿಂಡಿ ತಿಂದು, ಕಾಫಿ ಕುಡಿದು, ಇನ್ನೊಮ್ಮೆ ಕಾಫಿ ಕುಡಿದು, ಹೊರಡುವ ಹೊತ್ತಿಗೆ ಹತ್ತು ಗಂಟೆ. ಮೋಹನನದು ಸೈಟು ಮಾರುವ ಕೆಲಸ. ಬಾಯಲ್ಲಿ ಸದಾ ಒಂದು ಏಲಕ್ಕಿ ಇರುತ್ತಿತ್ತು. ಅದನ್ನು ಅಗಿಯುವ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

"ಭಾವ, ನೀವು ನಿಮ್ ಗಾಡೀಲೇ ಬನ್ನಿ. ಇದಕ್ಕೆ ಭಾರ ಆಗುತ್ತೆ."

"ಪೂಜೆ ಆಗೋ ಗಾಡಿ ಇದು, ನಾವು ಅದರಲ್ಲಿ ಹೋದ್ರೆ ಎಂಗಮ್ಮ? ಅತ್ತೆ, ನೀವೇ ಹೇಳಿ."

ಅತ್ತೆ ಹೇಳಿದರು. ಮೋಹನ್ ಮುಂದಿನ ಸೀಟಿನಲ್ಲಿ ಕೂತಾಗ ಕಾರು ಒಂದು ಪಕ್ಕಕ್ಕೆ ವಾಲಿತು. ಹಿಂದೆ ಅಮ್ಮ, ಅಕ್ಕ, ಅವರಿಬ್ಬರ ನಡುವೆ ಬಾಳೆಲೆ ಮುಚ್ಚಿದ ಪುಳಿಯೋಗರೆಯ ದೊಡ್ಡ ಡಬರಿ. ಅಮ್ಮನ ಕಾಲ ಬಳಿ ತೆಂಗಿನಕಾಯಿಯ ಚೀಲ, ಅಕ್ಕನ ತೊಡೆಯ ಮೇಲೆ ಮೊಸರನ್ನ. ಮುಚ್ಚಿದ ಕಾರಿನೊಳಗೆ ಮಲ್ಲಿಗೆ, ಮೊಸರು, ಇಂಗು, ಪೆಟ್ರೋಲು, ಮೋಹನನ ಸೆಂಟು ಎಲ್ಲ ಸೇರಿ ಒಂದೇ ವಾಸನೆಯಾಗಿ ಬಿಂದುಶ್ರೀಯ ಮೂಗಿಗೆ ಹತ್ತಿತು. ಅವಳು ಕಿಟಕಿ ಇಳಿಸಿ ಹೊರಗಿನ ಗಾಳಿಯನ್ನು ಬಾಯಿಂದ ಎಳೆದುಕೊಂಡಳು.

ಬೆಟ್ಟದ ಬುಡದವರೆಗೆ ಪರವಾಗಿರಲಿಲ್ಲ. ಏರು ಶುರುವಾದ ಮೇಲೆ ಅವಳು ಎರಡನೇ ಗೇರಿಗೆ ಬಂದು, ಆಕ್ಸಿಲರೇಟರಿನ ಮೇಲೆ ಕಾಲನ್ನು ಇಟ್ಟೂ ಇಡದ ಹಾಗೆ ಇಟ್ಟು, ಮುಳ್ಳು ನೋಡುತ್ತ ಹತ್ತಿಸಿದಳು. ಎಂಜಿನ್ ಬಿಸಿ ತೋರಿಸುವ ಮುಳ್ಳು ಅದು. ನಡುವಿಗಿಂತ ಒಂದು ಕೂದಲು ಮೇಲಿತ್ತು. ಹೀಗೇ ಹೋದರೆ ಹತ್ತಬಹುದು. ಮೊದಲ ತಿರುವಿನಲ್ಲಿ ಒಮ್ಮೆ ನಿಲ್ಲಿಸಿ ಆರಿಸಿದಳು. ಆಗಲೇ ಶುರುವಾದದ್ದು.

"ಏನಾಯ್ತು, ಪೆಟ್ರೋಲ್ ಖಾಲಿನಾ?" ಮೋಹನ್ ಕೇಳಿದ.

"ಆರಲಿ ಅಂತ."

"ಓಹೋ. ಬಾಣಂತಿ." ಹಿಂದಕ್ಕೆ ತಿರುಗಿ, "ಕೇಳಿಸ್ತಾ ಕೀರ್ತಿ, ನಿನ್ ತಂಗಿ ಗಾಡಿ ಬಾಣಂತಿ ಅಂತೆ. ಬೆಳ್ಳುಳ್ಳಿ ಗಿಳ್ಳುಳ್ಳಿ ತಂದಿದೀರೇನೇ?"

ಕೀರ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಸುಮ್ನಿರಿ ಅಂದ್ರೆ."

ಮತ್ತೆ ಹೊರಟರು. ಹಿಂದೆ ಸಾಲು ಬೆಳೆಯಿತು. ಹಾರ್ನುಗಳಲ್ಲಿ ಈಗ ರಿಂಗ್ ರೋಡಿನ ಬಿಡುಬೀಸು ಇರಲಿಲ್ಲ, ಮೈಮೇಲೆ ಬರುವ ಹಾಗಿದ್ದವು. ಒಬ್ಬೊಬ್ಬರಾಗಿ ದಾಟಿಕೊಂಡು ಹೋದರು, ಹೋಗುವಾಗ ಒಳಗೆ ನೋಡಿದರು. ಮೋಹನ್ ಪ್ರತಿಯೊಬ್ಬರಿಗೂ ಕೈ ಮುಗಿದು, ಹೋಗಿ ಸ್ವಾಮಿ, ಮುಂದೆ ಹೋಗಿ ಎಂದು ಬೀಳ್ಕೊಟ್ಟ. ಏಲಕ್ಕಿ ಅಗಿದ. ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನಲ್ಲಿ ತಾಳ ಹಾಕಿದ. ಅವನ ಉಂಗುರ ಕಬ್ಬಿಣಕ್ಕೆ ತಾಗಿ ಟಣ್ ಟಣ್ ಎನ್ನುತ್ತಿತ್ತು. ಆ ಸದ್ದಿನ ನಡುವೆ ಎಂಜಿನ್ನಿನ ಸದ್ದು ಬಿಂದುಶ್ರೀಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಸದ್ದು.

ಆಮೇಲೆ ಸಿಟಿ ಬಸ್ಸು ಬಂತು. ಒಳಗೆ ನಿಂತ ಜನ, ಬಾಗಿಲಿನಲ್ಲಿ ಜೋತ ಜನ, ಅಷ್ಟು ಭಾರ ಹೊತ್ತ ಬಸ್ಸು ಏದುಸಿರು ಬಿಡುತ್ತ ಬಂದು ಫಿಯಟ್ಟಿನ ಪಕ್ಕ ಹಾಯ್ದು ಮುಂದೆ ಹೋಯಿತು. ಹೋಗುವಾಗ ಅದರ ಕಪ್ಪು ಹೊಗೆಯನ್ನು ಇವರ ಕಿಟಕಿಯೊಳಗೆ ತುಂಬಿತು. ಬಸ್ಸಿನ ಹಿಂದಿನ ಕಿಟಕಿಯಲ್ಲಿ ಒಬ್ಬ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದ.

"ಅಯ್ಯಯ್ಯೋ," ಮೋಹನ್ ಕೆಮ್ಮುತ್ತಲೇ ಹೇಳಿದ. "ಸಿಟಿ ಬಸ್ಸು ದಾಟ್ಕೊಂಡು ಹೋಯ್ತಲ್ಲಮ್ಮ. ಇದನ್ನೂ ನೋಡೋ ಯೋಗ ಇತ್ತಲ್ಲ ನಂಗೆ. ಅಮ್ಮಣ್ಣಿ, ನಾವು ಹೋಗ್ತಿರೋದು ಗುಡಿಗಾ, ಗುಡ್ಡಕ್ಕೆ ಮಣ್ಣು ಹೊರೋಕಾ?"

"ಸ್ವಲ್ಪ ಜೋರಾಗಿ ಓಡಿಸೇ," ಅಮ್ಮ ಅಂದರು. "ಮಂಗಳಾರತಿ ತಪ್ಪೋಗುತ್ತೆ."

"ಜೋರಾಗಿ ಓಡಿಸಬಾರದಮ್ಮ. ಎಷ್ಟು ಸಲ ಹೇಳ್ಲಿ."

"ಯಾರೋ ಮೆಕ್ಯಾನಿಕ್ ಹೇಳ್ದ ಅಂತ ಇವಳು," ಮೋಹನ್ ಅಂದ. "ಹೊಸ ಎಂಜಿನ್ನ ಮೊದಲು ಎಂಗೆ ಪಳಗಿಸ್ತೀವೋ ಅಂಗೇ ಅದು. ಈಗ ಸೋಮಾರಿ ಮಾಡುದ್ರೆ ಕೊನೆವರ್ಗೂ ಸೋಮಾರೀನೇ. ಕೊಡಮ್ಮ ಇಲ್ಲಿ, ನಾನು ಓಡಿಸ್ತೀನಿ. ನಿನ್ ಕೈಲಿ ಇದೂ ಅರ್ಧಕ್ಕೇ ನಿಲ್ಲೋದು."

ಹೇಳಿ, ತಮಾಷೆಗೆ, ಸ್ಟೇರಿಂಗಿನ ಮೇಲೆ ಕೈ ಇಟ್ಟ. ಪುಳಿಯೋಗರೆಯ ಎಣ್ಣೆ ಹತ್ತಿದ ಕೈ. ಹೊರಡುವ ಮುಂಚೆ ಡಬರಿಗೆ ಕೈ ಹಾಕಿ ರುಚಿ ನೋಡಿದ್ದ. ಎಣ್ಣೆಯ ಬೆರಳು ಅವಳ ಬೆರಳಿನ ಮೇಲೆ ಬಂತು. ಹಿಂದೆ ಇಬ್ಬರೂ ನಕ್ಕರು. ಅಮ್ಮನೂ ನಕ್ಕರು.

ಬಿಂದುಶ್ರೀ ಆ ಕೈಯನ್ನು ಕೊಡವಿದಳು. ಸಿಟ್ಟು, ಹೇಸಿಗೆ ಎರಡೂ ಕಾಲಿಗಿಳಿದವು. ಆಕ್ಸಿಲರೇಟರು ತಳ ಮುಟ್ಟಿತು.

ಫಿಯಟ್ ಒಮ್ಮೆ ತಡವರಿಸಿ, ಆಮೇಲೆ ಎಳೆಯಿತು. ಅಷ್ಟು ಜೋರಾಗಿ ಎಳೆಯುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಮೂರನೇ ಗೇರಿಗೆ ಹಾಕಿದಳು, ಕಾಲು ತೆಗೆಯಲಿಲ್ಲ. ಬಸ್ಸಿನ ಬೆನ್ನು ಹತ್ತಿರ ಬಂತು. ಮುಳ್ಳು ಕೆಂಪು ಗೆರೆಯತ್ತ ಹತ್ತುತ್ತಿರುವುದನ್ನು ನೋಡಿದಳು. ಕಣ್ಣಾರೆ ನೋಡಿದಳು. ಒಂದು ಕೆಟ್ಟ, ಸಿಹಿಯಾದ ವಾಸನೆ, ಬಾಣಲೆಯಲ್ಲಿ ಎಣ್ಣೆ ಸುಟ್ಟ ಹಾಗೆ, ಕಾಲ ಬಳಿಯಿಂದ ಬಂತು. ಬಸ್ಸಿನ ಪಕ್ಕಕ್ಕೆ ಬಂದಾಗ ಎಂಜಿನ್ನಿನ ಗಂಟಲನ್ನು ಯಾರೋ ಹಿಸುಕಿದ ಹಾಗೆ ಕಾರು ಬಿಗಿಯಿತು. ಅರ್ಧ ಕ್ಷಣ, ಅಷ್ಟೇ. ಅವಳ ಎಡಗಾಲು ತಾನಾಗಿ ಕ್ಲಚ್ ಒತ್ತಿತು, ಬಿಗಿ ಬಿಟ್ಟಿತು, ಕಾರು ಬಂದ ವೇಗದಲ್ಲೇ ಬಸ್ಸನ್ನು ದಾಟಿತು.

ಒಳಗೆ ಚಪ್ಪಾಳೆ.

"ನೋಡುದ್ಯಾ," ಮೋಹನ್ ಅವಳ ಭುಜ ತಟ್ಟಿದ. "ಇದಪ್ಪ ಡ್ರೈವಿಂಗ್ ಅಂದ್ರೆ."

ಅವಳಿಗೆ ಗೊತ್ತಿತ್ತು. ಆ ಅರ್ಧ ಕ್ಷಣದಲ್ಲಿ ಬಿಸಿಯಿಂದ ಊದಿದ ಪಿಸ್ಟನ್ನು ಒರಟು ಗೋಡೆಯನ್ನು ಕಚ್ಚಿ ಹಿಡಿದಿತ್ತು. ಬಿಟ್ಟಾಗ ಬರಿದೇ ಬಿಟ್ಟಿರಲಿಲ್ಲ, ಗೋಡೆಯ ಚರ್ಮ ಕಿತ್ತುಕೊಂಡು ಬಿಟ್ಟಿತ್ತು. ತನ್ನ ಭುಜದ ಮೇಲೆ ಎಣ್ಣೆಯ ಬೆರಳುಗಳ ಗುರುತು ಉಳಿದಿರುವುದನ್ನು ಅವಳು ನೋಡಿದಳು. ಅದಕ್ಕಿಂತ ಅಸಹ್ಯವಾದದ್ದು ಇನ್ನೊಂದಿತ್ತು. ಚಪ್ಪಾಳೆ ಕೇಳಿಸಿದಾಗ ಒಳಗೆಲ್ಲೋ ಅವಳಿಗೆ ಖುಷಿಯಾಗಿತ್ತು. ಆ ಖುಷಿ ಇನ್ನೂ ಪೂರ್ತಿ ಆರಿರಲಿಲ್ಲ.

ಮೇಲೆ ಪೂಜೆ ಚೆನ್ನಾಗಿಯೇ ಆಯಿತು. ಪೂಜೆ ಮಾಡುವವರು, "ಹೊಸ ಗಾಡಿನೇನ್ರಮ್ಮ?" ಎಂದು ಫಿಯಟ್ಟನ್ನು ಮೇಲಿಂದ ಕೆಳಗೆ ನೋಡಿದರು. ಎಂಜಿನ್ ಹೊಸದು ಎಂದು ಲಕ್ಷ್ಮಮ್ಮ ವಿವರಿಸಿದರು. ಬಾನೆಟ್ಟಿನ ಮೇಲೆ ಹಚ್ಚಿದ ಅರಿಶಿನದ ನೀರು ಹಚ್ಚುತ್ತಿದ್ದಂತೆಯೇ ಒಣಗಿ ಚೂರುಚೂರಾಗಿ ಬಿರಿಯಿತು. ಏರಿಸಿದ ಸೇವಂತಿಗೆ ಕಣ್ಣೆದುರಿಗೇ ಬಾಡಿತು. ಯಾರೂ ಅದನ್ನು ಗಮನಿಸಲಿಲ್ಲ. ಬಿಂದುಶ್ರೀ ನಾಲ್ಕು ಚಕ್ರದ ಕೆಳಗಿಟ್ಟ ನಿಂಬೆಹಣ್ಣುಗಳ ಮೇಲೆ ಕಾರು ಹಾಯಿಸಿದಳು. ಹುಳಿ ಎದ್ದು ಸುಟ್ಟ ಎಣ್ಣೆಯ ವಾಸನೆಯೊಂದಿಗೆ ಬೆರೆಯಿತು. ಆಮೇಲೆ ಎಲ್ಲರೂ ಒಂದು ಮರದ ನೆರಳಿನಲ್ಲಿ ಕೂತು ಪುಳಿಯೋಗರೆ ತಿಂದರು. ಕೋತಿಯೊಂದು ಬಂದು ಮೊಸರನ್ನದ ಡಬ್ಬಿಗೆ ಕೈ ಹಾಕಿ, ಅರ್ಧ ತಿಂದು, ಉಳಿದದ್ದನ್ನು ನೆಲಕ್ಕೆ ಬಳಿದು ಹೋಯಿತು. ಬಿಂದುಶ್ರೀ ಎಲೆ ಮುಟ್ಟಲಿಲ್ಲ. "ಡಯಟ್ಟು," ಎಂದು ಮೋಹನ್ ಅವಳ ಎಲೆಯನ್ನೂ ತನ್ನ ಕಡೆಗೆ ಎಳೆದುಕೊಂಡ.

ಇಳಿಯುವಾಗ ಏನೂ ಆಗಲಿಲ್ಲ. ಬುಡಕ್ಕೆ ಬಂದು, ಸಮ ರಸ್ತೆಯಲ್ಲಿ ಅವಳು ಮತ್ತೆ ಆಕ್ಸಿಲರೇಟರು ಒತ್ತಿದಾಗ ಕನ್ನಡಿಯಲ್ಲಿ ಹೊಗೆ ಕಂಡಿತು. ನೀಲಿ ಹೊಗೆ. ಹಿಂದೆ ಬರುತ್ತಿದ್ದ ಸ್ಕೂಟರಿನವಳು ಮೂಗಿಗೆ ದುಪಟ್ಟಾ ಹಿಡಿದುಕೊಂಡಳು.

"ಸದ್ಯ, ಏನೂ ತೊಂದ್ರೆ ಆಗ್ಲಿಲ್ಲ," ಅಮ್ಮ ಹಿಂದಿನ ಸೀಟಿನಲ್ಲಿ ಸಮಾಧಾನದಿಂದ ಹೇಳಿದರು. "ಇನ್ನು ಧೈರ್ಯವಾಗಿ ಓಡಿಸು."

ಮರುದಿನ ಮಧ್ಯಾಹ್ನ ಪಾಠ ಮುಗಿಸಿ ಷಡಕ್ಷರಿಯ ಗ್ಯಾರೇಜಿಗೆ ಹೊರಟಳು. ಮೋಹನ್ ಜೊತೆಗೆ ಬಂದ. ರಾಜೀವನಗರದಲ್ಲಿ ಯಾವುದೋ ಸೈಟು ನೋಡುವುದಿತ್ತು. ಅಲ್ಲದೆ, "ಈ ಮೆಕ್ಯಾನಿಕ್‌ಗಳು ಹೆಂಗಸ್ರು ಅಂದ್ರೆ ಟೋಪಿ ಹಾಕ್ತಾರೆ, ನಾನಿದ್ರೆ ಹೆದರ್ತಾರೆ" ಎಂಬುದು ಅವನ ವಾದ. ಗ್ಯಾರೇಜಿಗೆ ಬಂದವನೇ ಫೋನು ಕಿವಿಗಿಟ್ಟುಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತ.

ಷಡಕ್ಷರಿ ಎಂಜಿನ್ ಓಡಿಸಿ, ಹಿಂದೆ ಹೋಗಿ ಹೊಗೆ ನೋಡಿದ. ಎಣ್ಣೆಯ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿದ. ಒಂದು ಪ್ಲಗ್ ಬಿಚ್ಚಿ, ಅದರ ಕಪ್ಪು ಜಿಡ್ಡನ್ನು ಬೆರಳಿನಿಂದ ತೆಗೆದು ಅವಳ ಮುಖದ ಹತ್ತಿರ ಹಿಡಿದ.

"ಏನ್ ಮೇಡಂ ಇದು. ಬೆಟ್ಟ ಹತ್ತಿಸ್ಬುಟ್ರಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಜನ ತುಂಬ್ಕೊಂಡು?"

ಅದಕ್ಕೂ ತಲೆಯಾಡಿಸಿದಳು.

"ಎಳೆದಿದಾರೆ ಚೆನ್ನಾಗಿ. ಬೋರ್ ಕೆರ್ಕೊಂಡೋಗಿದೆ. ಎರಡು ವಾರ ಅಷ್ಟು ನಾಜೂಕಾಗಿ ಓಡಿಸಿದ್ರಲ್ಲ ನೀವು. ಯಾರು ಓಡ್ಸಿದ್ದು?"

ಉತ್ತರ ತಡವಾಗಲಿಲ್ಲ. ಮೊದಲೇ ಬಾಯಲ್ಲಿ ತಯಾರಾಗಿ ಕೂತಿದ್ದ ಹಾಗೆ ಹೊರಗೆ ಬಂತು.

"ಭಾವ."

ಷಡಕ್ಷರಿ ರಸ್ತೆಯಾಚೆ ಫೋನಿನಲ್ಲಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದ ಮೋಹನನನ್ನು ನೋಡಿದ. "ಅಂದ್ಕೊಂಡೆ," ಅಂದ. "ಗಂಡಸ್ರ ಕೈಗೆ ಕೊಡಬಾರದು ಮೇಡಂ. ನಾನೂ ಗಂಡಸೇ, ಹೇಳ್ತೀನಿ ಕೇಳಿ." ಹೇಳಿ ನಕ್ಕ. ಅವನ ಕೆಂಪು ಹಲ್ಲುಗಳನ್ನು ನೋಡುತ್ತ ಬಿಂದುಶ್ರೀಯೂ ನಕ್ಕಳು. ನಗು ಬಂದೇಬಿಟ್ಟಿತು. ಆ ಕ್ಷಣಕ್ಕೆ ಎಷ್ಟು ಹಗುರಾಯಿತೆಂದರೆ, ತಾನು ಹೇಳಿದ್ದು ಸುಳ್ಳು ಎಂಬುದು ಅವಳಿಗೆ ನೆನಪಾದದ್ದು ನಗು ನಿಂತ ಮೇಲೆ.

ಮೋಹನ್ ಫೋನು ಮುಗಿಸಿ ರಸ್ತೆ ದಾಟಿ ಬಂದ. "ಏನಂತೆ?"

"ಏನ್ ಸಾರ್," ಷಡಕ್ಷರಿ ಪ್ಲಗ್ಗನ್ನು ಅವನ ಕಡೆಗೆ ತೋರಿಸಿದ. "ಹೊಸ ಬೋರಿನ ಗಾಡೀನ ಬೆಟ್ಟದ ಮೇಲೆ ಅಂಗಾ ಎಳೆಯೋದು? ಮೇಡಂ ಎಲ್ಲ ಹೇಳುದ್ರು. ಈ ಗಾಡಿ ಇನ್ನು ಇರೋವರ್ಗೂ ಹೊಗೆ ಸಾರ್. ಕೊನೆ ಬೋರ್ ಅಂತ ಹೇಳಿದ್ನಲ್ಲ. ಕೈಯಾರೆ ಕೆಡಿಸ್ಬುಟ್ರಿ."

ಬಿಂದುಶ್ರೀ ನೆಲ ನೋಡಿದಳು. ಎಣ್ಣೆ ಹೀರಿ ಕಪ್ಪಾಗಿದ್ದ ಮಣ್ಣಿನಲ್ಲಿ ಯಾರೋ ಉಗಿದದ್ದು ಒಣಗಿತ್ತು. ಈಗ ಮೋಹನ್ ಬಾಯಿ ತೆರೆಯುತ್ತಾನೆ. ನಾನೆಲ್ಲಿ ಓಡಿಸಿದೆ, ಇವಳೇ ತಾನೇ ಎನ್ನುತ್ತಾನೆ. ಅನ್ನಲಿ. ಅವಳು ಅದಕ್ಕಾಗಿ ಕಾದಳು. ಅನ್ನಲಿ ಎಂದು ಒಳಗೊಳಗೇ ಬೇಡಿಕೊಂಡಳು ಕೂಡ.

ಮೋಹನ್ ಅವಳನ್ನು ಒಮ್ಮೆ ನೋಡಿದ. ಮುಖದಲ್ಲಿ ಒಂದು ಗಳಿಗೆ ಗೊಂದಲವಿತ್ತು, ಆಮೇಲೆ ಅದು ಅರಳಿತು.

"ಎಂಗೆ ಎಳೀತು ಅಂತೀರಿ," ಅಂದ. "ಸಿಟಿ ಬಸ್ಸು ಗುರೂ. ಅದೂ ತಿರುವಲ್ಲಿ. ಮೂರನೇ ಗೇರಲ್ಲಿ ತಳಕ್ಕೆ ಒತ್ತಿದೆ ನೋಡಿ, ಬಸ್ಸು ಅಲ್ಲೇ ನಿಂತಂಗಾಯ್ತು. ಡ್ರೈವರ್ ಮುಖ ನೋಡಬೇಕಿತ್ತು ನೀವು."

"ಮೂರನೇ ಗೇರಲ್ಲಾ?" ಷಡಕ್ಷರಿ ಬಯ್ಯುವುದನ್ನು ಮರೆತ. "ನಾಲ್ಕು ಜನ ಕೂತ್ಕೊಂಡು?"

"ನಾಲ್ಕು ಜನ, ಜೊತೆಗೊಂದು ಡಬರಿ ಪುಳಿಯೋಗರೆ."

"ಪರವಾಗಿಲ್ಲ. ಎಂಜಿನ್ ಕೆಲಸ ಚೆನ್ನಾಗೇ ಮಾಡಿದೀನಿ ಅಂತಾಯ್ತು."

ಇಬ್ಬರೂ ಬಾನೆಟ್ಟಿನ ಮೇಲೆ ಮೊಣಕೈ ಊರಿ ನಿಂತರು. ಮೋಹನ್ ತಿರುವು ಯಾವ ಕಡೆಗೆ ಇತ್ತು, ಬಸ್ಸು ಎಷ್ಟು ಹತ್ತಿರಕ್ಕೆ ಬಂತು ಎಂದು ಎರಡೂ ಕೈಯಿಂದ ತೋರಿಸತೊಡಗಿದ. ಒಂದು ಅಂಗೈ ಬಸ್ಸು, ಇನ್ನೊಂದು ಅಂಗೈ ಫಿಯಟ್ಟು. ಫಿಯಟ್ಟಿನ ಅಂಗೈ ಬಸ್ಸಿನದನ್ನು ದಾಟಿ ಮುಂದೆ ಹೋಯಿತು.

"ಓಡಿಸಿದ್ದು ನಾನು," ಬಿಂದುಶ್ರೀ ಅಂದಳು.

ಇಬ್ಬರೂ ತಿರುಗಿದರು.

"ಭಾವ ಅಲ್ಲ. ನಾನೇ ಓಡಿಸಿದ್ದು. ಒತ್ತಿದ್ದೂ ನಾನೇ. ಕೆಡಿಸಿದ್ದು ನಾನು."

ಷಡಕ್ಷರಿ ಮೋಹನನ ಕಡೆಗೆ ನೋಡಿ ಕಣ್ಣು ಮಿಟುಕಿಸಿದ. "ನೋಡುದ್ರಾ ಸಾರ್. ನಾನು ಎರಡು ಮಾತು ಬಯ್ದೆ ಅಂತ ಮೇಡಂ ನಿಮ್ಮ ಕಡೆಗೆ ಬಂದ್ಬುಟ್ರು. ಎಷ್ಟಾದ್ರೂ ಭಾವ."

"ನಮ್ ಮನೇಲಿ ಅಂಗೇ," ಮೋಹನ್ ಅಂದ. "ಯಾರೂ ಯಾರನ್ನೂ ಬಿಟ್ಕೊಡಲ್ಲ."

ಏಲಕ್ಕಿಯ ಡಬ್ಬಿ ತೆಗೆದು ಒಂದನ್ನು ಷಡಕ್ಷರಿಗೆ ಕೊಟ್ಟ, ಒಂದನ್ನು ಅವಳ ಕಡೆಗೆ ಚಾಚಿದ. ಅವಳು ಬೇಡ ಎನ್ನಬೇಕೆಂದಿದ್ದಳು. ಕೈ ತಾನಾಗಿ ಮುಂದೆ ಹೋಗಿ ಅದನ್ನು ತೆಗೆದುಕೊಂಡಿತು, ಬಾಯಿಗೆ ಹಾಕಿತು. ಹಲ್ಲಿನ ನಡುವೆ ಸಿಪ್ಪೆ ಒಡೆಯಿತು. ಮೋಹನ್ ಮತ್ತೆ ಮೊದಲಿನಿಂದ, ಬಸ್ಸು ದಾಟಿಕೊಂಡು ಹೋದಲ್ಲಿಂದ ಶುರು ಮಾಡಿದ್ದ.